ಅಕ್ಟೋಬರ್ ಕ್ಯಾಂಟನ್ ಫೇರ್‌ಗೆ ಮೊದಲ ಸಲ ಗುವಾಂಗ್‌ಝೌಗೆ ಹೊರಟಿದೀನಿ, ಹೋಗಿಬಂದೋರು ಸ್ವಲ್ಪ ಹೇಳಿ

ದಾವಣಗೆರೆ_ಪಾತ್ರೆಅಂಗಡಿ

ಎಲ್ರಿಗೂ ನಮಸ್ಕಾರ. ದಾವಣಗೆರೇಲಿ ನಮ್ದು ಪಾತ್ರೆ ಅಂಗಡಿ, ಅಪ್ಪನ ಕಾಲದ್ದು. ಹೋಲ್‌ಸೇಲೂ ಇದೆ, ಹರಿಹರ ಚನ್ನಗಿರಿ ಜಗಳೂರು ಕಡೆ ಅಂಗಡಿಗಳಿಗೆ ಮಾಲು ಹಾಕ್ತೀವಿ. ಇಷ್ಟು ದಿನ ಚಿಕ್ಕಪೇಟೆ ಪಾರ್ಟಿಗಳಿಂದ ಇಲ್ಲಾ ಮುಂಬೈಯಿಂದ ತರಿಸ್ತಿದ್ವಿ, ಈ ಸಲ ನಾನೇ ಒಂದ್ಸಲ ಚೀನಾದ ಗುವಾಂಗ್‌ಝೌನಲ್ಲಿ ನಡೆಯೋ ದೊಡ್ಡ ವ್ಯಾಪಾರ ಮೇಳಕ್ಕೆ, ಅದೇ ಕ್ಯಾಂಟನ್ ಫೇರ್‌ಗೆ, ಹೋಗಿ ನೋಡ್ಕೊಂಡು ಬರೋಣ ಅಂತ ಮನಸ್ಸಾಗಿದೆ. ಸ್ಟೀಲ್ ವಾಟರ್ ಬಾಟ್ಲು, ಟಿಫನ್ ಬಾಕ್ಸು, ತರಕಾರಿ ಕಟರ್ ಥರ ಕಿಚನ್ ಐಟಂಗಳು, ಪಿಂಗಾಣಿ ಕಪ್ಪು, ಇಷ್ಟು ನೋಡ್ಬೇಕು ಅಂತ ಲೆಕ್ಕ.

ವಿದೇಶಕ್ಕೆ ಇದೇ ಮೊದ್ಲು. ಪಾಸ್‌ಪೋರ್ಟೇ ಹೋದ ವರ್ಷ ಮಾಡ್ಸಿದ್ದು. ನಂದು ಇಂಗ್ಲಿಷ್ ಅಷ್ಟಕ್ಕಷ್ಟೆ, ವ್ಯಾಪಾರಕ್ಕೆ ಬೇಕಾದಷ್ಟು ಬರುತ್ತೆ. ದುಡ್ಡು ಹೆಂಗೆ ತಗೊಂಡೋಗೋದು, ಅಲ್ಲಿ ವಾಟ್ಸಾಪ್ ನಡೆಯಲ್ಲ ಅಂತಾರೆ ನಿಜಾನಾ, ಎಲ್ಲಿ ಉಳ್ಕೋಬೇಕು, ಎಷ್ಟು ದಿನ ಬೇಕು. ಇನ್ನೊಂದು, ನಾವು ಪೂರ್ತಿ ಸಸ್ಯಾಹಾರಿ, ಮೊಟ್ಟೇನೂ ಇಲ್ಲ. ಮನೇಲಿ ಇದೊಂದೇ ಚಿಂತೆ, ವ್ಯಾಪಾರದ್ದಲ್ಲ 😀 15ನೇ ತಾರೀಕು ಶುರು ಅಂತ ನೋಡ್ದೆ, 14ಕ್ಕೆ ಅಲ್ಲಿರೋ ಹಂಗೆ ಟಿಕೆಟ್ ಮಾಡ್ಸಬೇಕು ಅಂತಿದೀನಿ.

ಎಸ್‌ಪಿರೋಡ್_ಲೈಟಿಂಗ್

ಸರ್ ಟಿಕೆಟ್ ಇನ್ನೂ ಮಾಡ್ಸಿಲ್ಲ ತಾನೆ? ಮಾಡ್ಸಬೇಡಿ. 15ಕ್ಕೆ ಹೋದ್ರೆ ನಿಮಗೆ ಸಿಗೋದು ಎಲೆಕ್ಟ್ರಾನಿಕ್ಸು, ಮಷಿನರಿ, ನಮ್ಮ ಲೈಟಿಂಗು, ಹಾರ್ಡ್‌ವೇರು. ಫೇರು ಮೂರು ಕಂತಲ್ಲಿ ನಡೆಯುತ್ತೆ, ಒಂದೊಂದು ಐದು ದಿನ, ಮಧ್ಯೆ ಸ್ಟಾಲ್ ಬಿಚ್ಚಿ ಕಟ್ಟೋಕೆ ಗ್ಯಾಪು. ಪಾತ್ರೆ ಪಗಡೆ, ಪಿಂಗಾಣಿ, ಗಿಫ್ಟ್ ಐಟಂ, ಫರ್ನಿಚರ್ ಎಲ್ಲ ಎರಡನೇ ಕಂತು, ಅಕ್ಟೋಬರ್ 23ರಿಂದ 27. ಆಟದ ಸಾಮಾನು ಬಟ್ಟೆ ಗಿಟ್ಟೆ ಮೂರನೇದು, 31ರಿಂದ ನವೆಂಬರ್ 4. ನಮ್ ಪಕ್ಕದ ಅಂಗಡಿಯೋರು ಒಬ್ರು ಇದನ್ನ ನೋಡ್ದೆ ಮೊದಲ ಕಂತಿಗೆ ಹೋಗಿ ಐದು ದಿನ ಜನರೇಟರ್ ನೋಡ್ಕೊಂಡು ಬಂದ್ರು, ಅವ್ರು ಮಾರೋದು ಗೋಡೆ ಗಡಿಯಾರ.

ಫೇರ್ ವೆಬ್‌ಸೈಟಲ್ಲಿ ಬಯರ್ ಅಂತ ರಿಜಿಸ್ಟರ್ ಮಾಡಿ, ಇನ್ವಿಟೇಶನ್ ಲೆಟರ್ ಅಲ್ಲೇ ಸಿಗುತ್ತೆ, ಅದನ್ನಿಟ್ಟು ಬಿಸಿನೆಸ್ ವೀಸಾ ಹಾಕಿ, ಎಂ ವೀಸಾ ಅಂತಾರೆ. ಬ್ಯಾಡ್ಜ್ ಬಿಸಾಕಬೇಡಿ, ಮುಂದಿನ ಸಲಕ್ಕೂ ಅದೇ ನಡೆಯುತ್ತೆ.

ಈಗ ಫೋನಿನ ವಿಷ್ಯ. ನಾನು ಆರು ಸಲ ಹೋಗಿದೀನಿ, ಅಲ್ಲಿ ಭಾಷೆಗಿಂತ ಜಾಸ್ತಿ ಒದ್ದಾಡಿಸೋದು ಫೋನು. ವಾಟ್ಸಾಪ್, ಗೂಗಲ್, ಜೀಮೇಲ್, ಯೂಟ್ಯೂಬ್ ಯಾವ್ದೂ ಹೋಟೆಲ್ ವೈಫೈನಲ್ಲಿ ಓಡಲ್ಲ. ಆದ್ರೆ ನಮ್ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್ ಪ್ಯಾಕ್ ಹಾಕ್ಸಿದ್ರೆ ಆ ಡೇಟಾದಲ್ಲಿ ಎಲ್ಲಾ ಓಡುತ್ತೆ, ಅದು ನಮ್ ದೇಶದ ನೆಟ್‌ವರ್ಕ್ ಸುತ್ತಿ ಬರೋದ್ರಿಂದ. ರೋಮಿಂಗ್ ಇನ್ನೊಂದಕ್ಕೂ ಬೇಕು, ಕಾರ್ಡಿನ ಓಟಿಪಿ ಬರೋದು ಈ ನಂಬರಿಗೇ. ಕಾಸು ಉಳಿಸೋಕೆ ಹೋಗಿ ಸಿಮ್ ಆಫ್ ಮಾಡಿ ಇಟ್ಕೊಂಡ್ರೆ ಅಲ್ಲಿ ಕಾರ್ಡು ಬರೀ ಪ್ಲಾಸ್ಟಿಕ್ಕು.

ದುಡ್ಡು: ಅಲ್ಲಿ ಎಳನೀರು ಗಾಡಿಯೋನಿಂದ ಹಿಡಿದು ಎಲ್ರೂ ಕ್ಯೂಆರ್ ಕೋಡೇ, ನಮ್ ಹಂಗೇ, ಆದ್ರೆ ನಮ್ ಯುಪಿಐ ಅಲ್ಲ, ಅಲಿಪೇ ಇಲ್ಲಾ ವೀಚಾಟ್. ಎರಡಕ್ಕೂ ಈಗ ವಿದೇಶದ ವೀಸಾ ಕಾರ್ಡ್, ಮಾಸ್ಟರ್ ಕಾರ್ಡ್ ಲಿಂಕ್ ಮಾಡಬಹುದು, 200 ಯುವಾನ್ ಒಳಗಿದ್ರೆ ಎಕ್ಸ್‌ಟ್ರಾ ಇಲ್ಲ, ಮೇಲಾದ್ರೆ 3 ಪರ್ಸೆಂಟ್ ತಗೋತಾರೆ. ಹೊರಡೋ ಮುಂಚೆ ಬ್ಯಾಂಕ್ ಆ್ಯಪಲ್ಲಿ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆನ್ ಮಾಡ್ಕೊಳ್ಳಿ. ತೊಂದ್ರೆ ಏನಂದ್ರೆ ಈ ಎರಡೂ ಆ್ಯಪು 2020ರಲ್ಲಿ ನಮ್ಮಲ್ಲಿ ಬ್ಯಾನ್ ಆಗಿವೆ, ವೀಚಾಟ್ ಜೂನ್ ಲಿಸ್ಟಲ್ಲಿ, ಅಲಿಪೇ ಸೆಪ್ಟೆಂಬರ್ ಲಿಸ್ಟಲ್ಲಿ. ಮನೇಲಿ ಕೂತು ರೆಡಿ ಮಾಡ್ಕೊಂಡು ಹೋಗೋ ಹಾಗಿಲ್ಲ, ಅಲ್ಲಿ ಇಳಿದ ಮೇಲೇ ಹಾಕ್ಕೋಬೇಕು, ಅದು ಆಗೋವರೆಗೂ ನೀವು ಕ್ಯಾಶ್ ಗಿರಾಕಿ. ಅದಕ್ಕೇ ಇಲ್ಲೇ ಫೊರೆಕ್ಸ್‌ನೋರ ಹತ್ರ ಒಂದು ಮೂರ್ನಾಲ್ಕು ಸಾವಿರ ಯುವಾನ್ ತಗೊಂಡೇ ಹೋಗಿ, ಅದ್ರಲ್ಲಿ 10, 20ರ ನೋಟು ಜಾಸ್ತಿ ಇರ್ಲಿ. ನೂರರ ನೋಟು ಕೊಟ್ರೆ ಚಿಲ್ಲರೆ ಹುಡುಕೋಕೆ ಪಕ್ಕದಂಗಡಿಗೆ ಓಡ್ತಾರೆ. ಮೊದಲ ಸಲ ನಾನು ಒಂದು ನೀರಿನ ಬಾಟ್ಲಿಗೆ ನೂರರ ನೋಟು ಹಿಡ್ಕೊಂಡು ನಿಂತಿದ್ದೆ, ಅಂಗಡಿ ಅಜ್ಜಿ ನನ್ ಮುಖ ನೋಡಿ ಪಾಪ ಅನ್ನಿಸ್ತೋ ಏನೋ, ಬಾಟ್ಲು ಕೈಗಿಟ್ಟು ಹೋಗು ಹೋಗು ಅಂತ ಕೈ ಬೀಸಿದ್ಲು. ಫ್ರೀ.

ಗೂಗಲ್ ಮ್ಯಾಪ್ ನಂಬಬೇಡಿ, ಚೀನಾದಲ್ಲಿ ಅದು ರಸ್ತೆ ಪಕ್ಕದ ಬಿಲ್ಡಿಂಗ್ ಒಳಗೆ ನಿಲ್ಲಿಸುತ್ತೆ. ಟ್ರಾನ್ಸ್‌ಲೇಟ್ ಆ್ಯಪಲ್ಲಿ ಚೈನೀಸ್ ಭಾಷೆ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಹೋಟೆಲ್ ಹೆಸ್ರು ಅಡ್ರೆಸ್ಸು ಚೈನೀಸಲ್ಲೇ ಪ್ರಿಂಟ್ ಹಾಕಿ ಜೇಬಲ್ಲಿಡಿ, ಟ್ಯಾಕ್ಸಿಯೋರಿಗೆ ಇಂಗ್ಲಿಷ್ ಅಡ್ರೆಸ್ ತೋರ್ಸಿದ್ರೆ ಉಪಯೋಗ ಇಲ್ಲ.

ಹುಬ್ಬಳ್ಳಿ_ಮಂದಿ

ನಾನು ಹಾರ್ಡ್‌ವೇರ್ ಧಂದೇದಾಗ ಅದೀನ್ರಿ, ಏಪ್ರಿಲ್ ಫೇರಿಗೆ ಎರಡು ಸಲ ಹೋಗಿ ಬಂದೀನಿ. ಊಟದ ವಿಷಯ ನಾ ಹೇಳ್ತೀನಿ ಕೇಳ್ರಿ.

ಅಲ್ಲಿ ವೆಜಿಟೇರಿಯನ್ ಅಂದ್ರ ತಟ್ಟಿಯೊಳಗ ತರಕಾರಿ ಕಾಣ್ಬೇಕು ಅಷ್ಟ. ಸೊಪ್ಪು ಹುರಿಯೋದು ಹಂದಿ ಕೊಬ್ಬಿನ್ಯಾಗ ಇರಬಹುದು, ಮ್ಯಾಲೆ ಸುರಿಯೋ ಸಾಸು ಸಿಂಪಿಂದು, ತೋಫು ನಡುವ ಕೈಮಾ. ನಾ ಮೊದಲ್ನೇ ದಿನ ಬೀನ್ಸ್ ಪಲ್ಯ ಅಂತ ತರಿಸಿದೆ, ಬಾಯಿಗಿ ಇಡೋ ಮುಂದ ಕಣ್ಣಿಗಿ ಬಿತ್ತು, ಬೀನ್ಸ್ ನಡುವ ಸಣ್ಣ ಸಣ್ಣ ಕಂದು ಚೂರು. ಅವ್ರ ತಪ್ಪಲ್ರಿ, ನಾ ಮಾಂಸ ಬ್ಯಾಡ ಅಂದಿದ್ದೆ, ಅವ್ರ ಲೆಕ್ಕದಾಗ ಅದು ಮಾಂಸ ಅಲ್ಲ, ಒಗ್ಗರಣಿ. ಅದಕ್ಕ ಬರೇ ಮಾಂಸ ಬ್ಯಾಡ ಅನ್ಬ್ಯಾಡ್ರಿ, ಮಾಂಸ ಮೀನ ತತ್ತಿ ಕೊಬ್ಬು ಸಿಂಪಿನ ಸಾಸು ಯಾವ್ದೂ ಬ್ಯಾಡ ಅಂತ ಚೈನೀಸ್ನ್ಯಾಗ ಬರಸಿ ಒಂದು ಕಾರ್ಡ್ ಮಾಡಿ ಇಟ್ಕೋರ್ರಿ.

ಶಿಯಾವೊಬೈ ಅಂತ ಏರಿಯಾ ಐತಿ, ಮೆಟ್ರೋ 5ನೇ ಲೈನು. ಅರಬ್ಬರು, ಆಫ್ರಿಕಾದೋರು, ನಮ್ಮೋರು ಎಲ್ಲಾ ವ್ಯಾಪಾರಕ್ಕ ಬರೋರು ಅಲ್ಲೇ ಇಳ್ಕೋತಾರ. ಇಂಡಿಯನ್ ಹೋಟೆಲ್ ಅದಾವು, ದಾಲ್ ರೋಟಿಗೇನು ಕೊರತಿ ಇಲ್ಲ, ರೇಟ್ ಮಾತ್ರ ಫೇರ್ ಟೈಮಿನ್ಯಾಗ ಏರಿರ್ತೈತಿ. ಬೈಜಿಂಗ್ ಲೂ ರಸ್ತೆ ಹತ್ರ ದಾಫೋ ಅಂತ ಬುದ್ಧನ ಗುಡಿ ಐತಿ, ಅಲ್ಲಿ ಶುದ್ಧ ಸಸ್ಯಾಹಾರದ ಊಟ ಸಿಗತೈತಿ, ತತ್ತೀನೂ ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳೀನೂ ಇಲ್ಲ. ಸಪ್ಪಗ ಇರ್ತೈತಿ, ಜೋಡಿ ಖಾರಪುಡಿ ಇದ್ರ ಛಲೋ.

ಫೇರ್ ಒಳಗ ಮಧ್ಯಾಹ್ನದ ಊಟಕ್ಕ ನಿಂತ್ರ ಅರ್ಧ ತಾಸು ಕ್ಯೂ. ನಾ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಣ ಅವಲಕ್ಕಿ ಕಟ್ಕೊಂಡು ಹೋಗಿದ್ದೆ. ರೂಮಿನ್ಯಾಗ ನೀರು ಕಾಸೋ ಕೆಟಲ್ ಇದ್ದs ಇರ್ತೈತಿ, ಇನ್‌ಸ್ಟಂಟ್ ಉಪ್ಪಿಟ್ಟಿಗಿ ಅಷ್ಟು ಸಾಕು. ಹಸೀ ಹಣ್ಣು, ಕಾಯಿಪಲ್ಯ, ಕರಿಬೇವು ಒಯ್ಯಬ್ಯಾಡ್ರಿ, ಏರ್‌ಪೋರ್ಟ್‌ನ್ಯಾಗ ಕಸ್ಕೋತಾರ.

ಇನ್ನ ಬೂಟು. ಹೊಸ ಬೂಟು ಹಾಕ್ಕೊಂಡು ಹೋಗಿ ಎರಡನೇ ದಿನಕ್ಕ ಹಿಮ್ಮಡಿ ಗುಳ್ಳಿ ಎದ್ದು ಮೂರನೇ ದಿನ ಚಪ್ಪಲ್ ಮ್ಯಾಲೆ ತಿರುಗಾಡೀನಿ, ಕೋಟು ಟೈ ಮ್ಯಾಲೆ, ಕೆಳಗ ಹವಾಯಿ ಚಪ್ಪಲ್. ಆ ಹಾಲ್‌ಗಳು ಎಷ್ಟು ದೊಡ್ಡವು ಅಂದ್ರ ಒಂದು ತುದಿಯಿಂದ ಇನ್ನೊಂದಕ್ಕ ಹೋಗೋದ್ರಾಗ ಯಾಕ ಬಂದಿದ್ದೆ ಅನ್ನೋದ ಮರತು ಹೋಗತೈತಿ. ಮೆಟ್ರೋ 8ನೇ ಲೈನು, ಶಿನ್‌ಗಾಂಗ್‌ಡಾಂಗ್ ಇಳದ್ರ ಎ ಏರಿಯಾ, ಪಾಝೌ ಇಳದ್ರ ಬಿ ಏರಿಯಾ. ನಿಮ್ಮ ಐಟಂ ಯಾವ ಹಾಲ್‌ದಾಗ ಐತಿ ನೋಡ್ಕೊಂಡು ಇಳೀರಿ. ಪ್ರತಿ ಸ್ಟೇಷನ್ ಬಾಗಲಾಗ ಬ್ಯಾಗ್ ಸ್ಕ್ಯಾನ್ ಇರ್ತೈತಿ, ಬೋರ್ಡೆಲ್ಲಾ ಇಂಗ್ಲಿಷ್‌ನ್ಯಾಗೂ ಅದಾವು, ಹೆದರಬ್ಯಾಡ್ರಿ.

ದಾವಣಗೆರೆ_ಪಾತ್ರೆಅಂಗಡಿ

ಅಬ್ಬಾ, ಇಲ್ಲಿ ಕೇಳಿದ್ದೇ ಒಳ್ಳೇದಾಯ್ತು, 14ರ ಟಿಕೆಟ್ ಇವತ್ತು ಸಂಜೆ ಮಾಡ್ಸೋನಿದ್ದೆ. ಹುಬ್ಬಳ್ಳಿ ಅಣ್ಣಾರ ರೊಟ್ಟಿ ಐಡಿಯಾ ಮನೇಲಿ ಓದಿ ಹೇಳ್ದೆ, ಅರ್ಧ ಸಮಾಧಾನ ಆಯ್ತು ಅವ್ರಿಗೆ. ಇಂಪೋರ್ಟ್ ಮಾಡೋಕೆ ಬೇಕಾದ ಐಇಸಿ ಕೋಡ್ ಮಾಡ್ಸಿದೀನಿ. ಸ್ಟೀಲ್ ಬಾಟ್ಲು ನಮ್ ಕಡೆ ಸ್ಕೂಲ್ ಸೀಸನ್ನಿಗೆ ಸಿಕ್ಕಾಪಟ್ಟೆ ಹೋಗುತ್ತೆ, ಮೊದಲ ಆರ್ಡರ್ ಅದನ್ನೇ ಹಾಕೋಣ ಅಂತ. ಅಲ್ಲೇ ಅಡ್ವಾನ್ಸ್ ಕೊಟ್ಟು ಬರಬೇಕಾ ಅಥವಾ ಇಲ್ಲಿ ಬಂದು ಕಳಿಸಬೇಕಾ?

ಸೋರ್ಸಿಂಗ್_ಅಕ್ಕ

ಸರ್, ನಿಲ್ಲಿ ನಿಲ್ಲಿ, ಸ್ಟೀಲ್ ಬಾಟಲ್ ಆರ್ಡರ್ ಹಾಕಬೇಡಿ!! ನಾನು ಬೆಂಗಳೂರಲ್ಲಿ ಇಂಪೋರ್ಟ್ ಸೋರ್ಸಿಂಗ್ ಕೆಲಸ ಮಾಡ್ತೀನಿ, ಹೌಸ್‌ವೇರ್ ನಂದೇ ಡಿಪಾರ್ಟ್‌ಮೆಂಟು. ಇನ್ಸುಲೇಟೆಡ್ ಫ್ಲಾಸ್ಕು ಬಾಟಲು, ಸ್ಟೀಲ್ ಮತ್ತೆ ಅಲ್ಯುಮಿನಿಯಂ ಪಾತ್ರೆ, ಇವಕ್ಕೆಲ್ಲ ಬಿಐಎಸ್ (ಸರ್ಕಾರದ ಗುಣಮಟ್ಟದ ಸರ್ಟಿಫಿಕೇಟು) ಕಡ್ಡಾಯ ಮಾಡಿದಾರೆ. ಅಂದ್ರೆ ಐಎಸ್‌ಐ ಮಾರ್ಕ್ ಇಲ್ದೆ ಪೋರ್ಟಿಂದ ಆಚೆ ಬರಲ್ಲ, ಆ ಮಾರ್ಕ್ ಹಾಕೋಕೆ ಲೈಸೆನ್ಸ್ ನಿಮಗಲ್ಲ, ಅಲ್ಲಿನ ಫ್ಯಾಕ್ಟರಿಗೆ ಇರಬೇಕು. ಚೀನಾ ಫ್ಯಾಕ್ಟರಿಗಳಿಗೆ ಅದು ಸಿಗೋದೇ ಕಷ್ಟ. ಆಟದ ಸಾಮಾನಿಗೂ 2021ರಿಂದ ಇದೇ ಕಥೆ. ಸ್ಟಾಲಲ್ಲಿರೋ ಹುಡುಗಿ ಮಾತ್ರ ನಗ್ತಾ ನೋ ಪ್ರಾಬ್ಲಮ್, ವಿ ಎಕ್ಸ್‌ಪೋರ್ಟ್ ಟು ಇಂಡಿಯಾ ಅಂತಾಳೆ. ಅವಳಿಗೇನು ಪ್ರಾಬ್ಲಮ್, ಮಾಲು ಚೆನ್ನೈ ಪೋರ್ಟಲ್ಲಿ ಕೊಳೆಯೋದು ನಿಮ್ದು, ದಿನದ ಬಾಡಿಗೆ ಕಟ್ಟೋದು ನೀವು. ನನಗೆ ಗೊತ್ತಿರೋರೊಬ್ರು ಹಾಗೇ ಸಿಕ್ಕಾಕೊಂಡು ಕೊನೆಗೆ ಮಾಲಿನ ರೇಟಿಗಿಂತ ಪೋರ್ಟ್ ಬಿಲ್ಲೇ ಜಾಸ್ತಿ ಆಗಿ ಕೈ ಬಿಟ್ರು.

ಈ ಲಿಸ್ಟು ಆಗಾಗ ಬದಲಾಗ್ತಿರುತ್ತೆ, ಸೇರಿಸ್ತಾರೆ ತೆಗೀತಾರೆ ಮುಂದಕ್ಕೆ ಹಾಕ್ತಾರೆ. ಅದಕ್ಕೇ ಹೊರಡೋ ಮುಂಚೆ ಒಬ್ಬ ಕಸ್ಟಮ್ಸ್ ಏಜೆಂಟ್ ಹಿಡೀರಿ, ಸಿಎಚ್‌ಎ ಅಂತಾರಲ್ಲ, ಅವ್ರ ಎದುರು ಕೂತು ನೀವು ತರಬೇಕು ಅಂತಿರೋ ಒಂದೊಂದು ಐಟಂಗೂ ಎಚ್‌ಎಸ್ ಕೋಡ್ (ಕಸ್ಟಮ್ಸ್‌ನಲ್ಲಿ ಆ ಮಾಲಿಗಿರೋ ನಂಬರು) ಏನು, ಡ್ಯೂಟಿ ಎಷ್ಟು, ಬಿಐಎಸ್ ಬೇಕಾ ಅಂತ ಬರೆಸ್ಕೊಳ್ಳಿ. ಆ ಒಂದು ಹಾಳೆ ಇಟ್ಕೊಂಡು ಫೇರ್ ಸುತ್ತಿ. ಟಿಕೆಟ್ ಆಮೇಲೆ, ಆ ಹಾಳೆ ಮೊದ್ಲು.

ಅಡ್ವಾನ್ಸು: ಫೇರಲ್ಲಿ ಕೈಗೆ ದುಡ್ಡು ಕೊಡಬೇಡಿ, ಸ್ಯಾಂಪಲ್ ದುಡ್ಡು ಬಿಟ್ಟು. ಊರಿಗೆ ಬಂದು ಸ್ಯಾಂಪಲ್ ನೋಡಿ ಪಿಐ (ಮುಂಗಡ ಬಿಲ್ಲು) ತರಿಸ್ಕೊಂಡು ಬ್ಯಾಂಕಿಂದ ಟಿಟಿ (ನೇರ ಅವ್ರ ಅಕೌಂಟಿಗೆ ದುಡ್ಡು) ಮಾಡಿ. ಮಾಮೂಲಿ ಲೆಕ್ಕ 30 ಪರ್ಸೆಂಟ್ ಮುಂಚೆ, ಉಳಿದ 70 ಮಾಲು ರೆಡಿ ಆಗಿ ಇನ್‌ಸ್ಪೆಕ್ಷನ್ ಆದ್ಮೇಲೆ ಅಥವಾ ಬಿಎಲ್ (ಮಾಲು ಹಡಗಿಗೆ ಹತ್ತಿದ್ದಕ್ಕೆ ರಸೀದಿ) ಕಾಪಿ ಬಂದ್ಮೇಲೆ. ಬ್ಯಾಂಕ್ ಅಕೌಂಟು ಕಂಪನಿ ಹೆಸ್ರಲ್ಲೇ ಇರಬೇಕು. ಮಧ್ಯದಲ್ಲಿ ಅವ್ರ ಮೇಲ್ ಐಡಿಯಿಂದಾನೇ ನಮ್ ಅಕೌಂಟ್ ಬದಲಾಗಿದೆ ಇದಕ್ಕೆ ಹಾಕಿ ಅಂತ ಮೇಲ್ ಬಂತು ಅನ್ಕೊಳ್ಳಿ, ಅವತ್ತೇ ವಿಡಿಯೋ ಕಾಲ್ ಮಾಡಿ ಮುಖ ನೋಡಿ ಕೇಳಿ. ನಮ್ ಹಳೇ ಆಫೀಸಲ್ಲಿ ಒಂದಕ್ಷರ ಮಾತ್ರ ಬೇರೆ ಇರೋ ಐಡಿಯಿಂದ ಬಂದ ಮೇಲ್ ನಂಬಿ ದುಡ್ಡು ಹೋಯ್ತು, ವಾಪಸ್ ಬರಲೇ ಇಲ್ಲ.

ಸ್ಟಾಲಲ್ಲಿ ಕೂತಿರೋರೆಲ್ಲ ಫ್ಯಾಕ್ಟರಿಯೋರಲ್ಲ, ತುಂಬಾ ಜನ ಟ್ರೇಡರ್ಸ್. ಬಿಸಿನೆಸ್ ಲೈಸೆನ್ಸ್ ಕೇಳಿ, ಅದ್ರಲ್ಲಿ 18 ಅಂಕಿ ಅಕ್ಷರದ ಕೋಡ್ ಇರುತ್ತೆ. ಒಂದೇ ಸ್ಟಾಲಲ್ಲಿ ಪಿಂಗಾಣಿ ಕಪ್ಪು, ಕೊಡೆ, ಬಾಚಣಿಗೆ ಎಲ್ಲಾ ಇದ್ರೆ ಕೇಳೋದೇ ಬೇಡ, ಟ್ರೇಡರ್ರೇ. ಟ್ರೇಡರ್ ಅಂದ್ರೆ ಕೆಟ್ಟೋರು ಅಂತಲ್ಲ, ಸಣ್ಣ ಕ್ವಾಂಟಿಟಿಗೆ ಅವ್ರೇ ವಾಸಿ, ಗೊತ್ತಿದ್ದು ಮಾಡಿ ಅಷ್ಟೆ. ಪಿಂಗಾಣಿಗೆ ಚಾವೋಝೌ ಊರಿನೋರ ಸ್ಟಾಲು ಹುಡುಕಿ, ಆ ಊರಿನ ಕಸುಬೇ ಅದು.

ಫೋಟೋ ತೆಗೆಯೋದಕ್ಕೂ ಒಂದು ಕ್ರಮ ಇಟ್ಕೊಳ್ಳಿ. ಮೊದ್ಲು ಸ್ಟಾಲ್ ನಂಬರ್ ಬೋರ್ಡು, ಆಮೇಲೆ ವಿಸಿಟಿಂಗ್ ಕಾರ್ಡು, ಆಮೇಲೆ ಐಟಂ, ಕೊನೆಗೆ ಅವ್ರು ಕ್ಯಾಲ್ಕುಲೇಟರಲ್ಲಿ ತೋರ್ಸಿದ ರೇಟು. ಇಲ್ದಿದ್ರೆ ರಾತ್ರಿ ರೂಮಲ್ಲಿ ಕೂತು 300 ಕಪ್ಪಿನ ಫೋಟೋ ನೋಡ್ತಾ ಇದು ಯಾರ್ದು ಅಂತ ತಲೆ ಕೆರ್ಕೋತೀರಿ. ರೇಟ್ ಯಾವಾಗ್ಲೂ ಕ್ಯಾಲ್ಕುಲೇಟರಲ್ಲೇ, ಕೈಸನ್ನೆ ನಂಬಬೇಡಿ. ನಮ್ ಜೊತೆ ಬಂದಿದ್ದ ಹುಡುಗ ಒಬ್ನು ಸ್ಟಾಲಿನೋರು ಹೆಬ್ಬೆರಳು ತೋರುಬೆರಳು ಎರಡೂ ಚಾಚಿ ತೋರ್ಸಿದ್ದಕ್ಕೆ 2 ಯುವಾನ್ ಅಂತ ಖುಷಿಯಾಗಿ ಆಯ್ತು ಆಯ್ತು ಅಂತ ತಲೆ ಆಡಿಸ್ಬಿಟ್ಟ. ಅಲ್ಲಿ ಅದು 8!

ಸಪ್ಲೈಯರ್ಸ್ ಎಲ್ರೂ ವೀಚಾಟ್ ಸ್ಕ್ಯಾನ್ ಮಾಡಿ ಅಂತಾರೆ. ಊರಿಗೆ ಬಂದ್ಮೇಲೆ ಅದು ಕೆಲಸಕ್ಕೆ ಬರಲ್ಲ, ಹಾಗಾಗಿ ಇಮೇಲು ವಾಟ್ಸಾಪ್ ನಂಬರ್ ಎರಡೂ ಕಾರ್ಡ್ ಹಿಂದೆ ಅಲ್ಲೇ ಬರೆಸ್ಕೊಳ್ಳಿ, ಎಕ್ಸ್‌ಪೋರ್ಟ್ ಮಾಡೋರ ಹತ್ರ ಇದ್ದೇ ಇರುತ್ತೆ.

ಚಿಕ್ಕಪೇಟೆ_ಗುರು

ಗುರು ಎಲ್ರೂ ಹೋಗಿ ಬಾ ಅಂತಿದೀರ, ನಾನು ಒಂದು ಅಪಶಕುನ ನುಡೀತೀನಿ ಬೇಜಾರಾಗ್ಬೇಡಿ. ಫ್ಲೈಟು ಹೋಟ್ಲು ವೀಸಾ ಸೇರಿ ಲಕ್ಷದ ಮೇಲೆ ಹೋಗುತ್ತೆ. 20 ಅಡಿ ಕಂಟೇನರ್ ಅಂದ್ರೆ ಹೆಚ್ಚು ಕಮ್ಮಿ 28 ಸಿಬಿಎಂ (ಘನ ಮೀಟರ್) ಮಾಲು, ಅಷ್ಟು ತುಂಬ್ಸೋ ತಾಕತ್ತಿಲ್ಲ ಅಂದ್ರೆ ಎಲ್‌ಸಿಎಲ್‌ನಲ್ಲಿ ಬೇರೆಯೋರ ಮಾಲಿನ ಜೊತೆ ಹಾಕ್ಬೇಕು, ಆ ಚಾರ್ಜು ಈ ಚಾರ್ಜು, ಡ್ಯೂಟಿ, ಐಜಿಎಸ್‌ಟಿ, ಚೆನ್ನೈಯಿಂದ ಲಾರಿ ಬಾಡಿಗೆ, ಒಡೆದ ಕಪ್ಪಿನ ಲೆಕ್ಕ ಎಲ್ಲಾ ಹಾಕಿದ್ರೆ ಚಿಕ್ಕಪೇಟೆ ರೇಟೇ ಬಂದು ಕೂರುತ್ತೆ. ನಾವಿಲ್ಲಿ ಸಾಲಕ್ಕೂ ಕೊಡ್ತೀವಿ, ಅವ್ರು ಕೊಡ್ತಾರಾ?

ಎಸ್‌ಪಿರೋಡ್_ಲೈಟಿಂಗ್

ಗುರುಗಳೇ ನಿಮ್ ಗಿರಾಕಿ ಕೈ ತಪ್ತಾರೆ ಅಂತ ಹೊಟ್ಟೆ ಉರೀನಾ 😀 ಆದ್ರೆ ಲೆಕ್ಕ ತಪ್ಪೇನಿಲ್ಲ. ಮೊದಲ ಟ್ರಿಪ್ಪಲ್ಲಿ ಲಾಭ ಆಗಲ್ಲ, ನಂಗೂ ಆಗ್ಲಿಲ್ಲ. ಮೊದಲ ಸಲ ಹೋಗೋದು ರೇಟ್ ತಿಳ್ಕೊಳ್ಳೋಕೆ. ನೀವು 90 ರೂಪಾಯಿಗೆ ಕೊಡೋ ಬಲ್ಬು ಅಲ್ಲಿ ಎಷ್ಟಕ್ಕೆ ಹೊರಡುತ್ತೆ ಅಂತ ಗೊತ್ತಾದ ಮೇಲೆ ನಿಮ್ ಹತ್ರ ನಾನು ಚೌಕಾಸಿ ಮಾಡೋ ಧಾಟೀನೇ ಬೇರೆ ಆಯ್ತಲ್ವಾ, ನೆನಪಿದ್ಯಾ?

ಹಾಂಗ್‌ಕಾಂಗ್_ಹಾಸನದೋನು

ಹಾಂಗ್‌ಕಾಂಗಲ್ಲಿ ಇರೋದು, ಕೆಲಸಕ್ಕೆ ಆಗಾಗ ಗುವಾಂಗ್‌ಝೌಗೆ ಹೋಗ್ತಿರ್ತೀನಿ. ಬಿಟ್ಟೋಗಿರೋದು ಒಂದೆರಡು ಸೇರಿಸ್ತೀನಿ.

ದಾರಿ: 2025ರ ಅಕ್ಟೋಬರಲ್ಲಿ ಕೋಲ್ಕತ್ತಾದಿಂದ, ನವೆಂಬರಲ್ಲಿ ದೆಹಲಿಯಿಂದ ಗುವಾಂಗ್‌ಝೌಗೆ ನೇರ ಫ್ಲೈಟು ಮತ್ತೆ ಶುರುವಾದ್ವು, ಐದು ವರ್ಷ ನಿಂತೋಗಿದ್ವು. ಬೆಂಗಳೂರಿಂದ ಬ್ಯಾಂಕಾಕ್, ಕ್ವಾಲಾಲಂಪುರ ಸುತ್ಕೊಂಡೂ ಬರಬಹುದು. ಹಾಂಗ್‌ಕಾಂಗ್ ಮೇಲೆ ಬಂದ್ರೆ ವೆಸ್ಟ್ ಕೌಲೂನ್ ಸ್ಟೇಷನ್ನಿಂದ ಹೈಸ್ಪೀಡ್ ರೈಲು, ಗುವಾಂಗ್‌ಝೌ ಸೌತ್‌ಗೆ ಹೆಚ್ಚು ಕಮ್ಮಿ ಒಂದು ಗಂಟೆ, ಎರಡೂ ಕಡೆ ಇಮಿಗ್ರೇಷನ್ ಅದೇ ಸ್ಟೇಷನ್ ಒಳಗೇ ಮುಗಿಯುತ್ತೆ. ಆದ್ರೆ ಹಾಂಗ್‌ಕಾಂಗಲ್ಲಿ ಏರ್‌ಪೋರ್ಟಿಂದ ಆಚೆ ಬರೋಕೆ ಇಂಡಿಯನ್ಸ್ ಮೊದ್ಲೇ ಆನ್‌ಲೈನಲ್ಲಿ ಪ್ರೀ ಅರೈವಲ್ ರಿಜಿಸ್ಟ್ರೇಷನ್ ಮಾಡಿರ್ಬೇಕು, ಮರೀಬೇಡಿ. ಮೊದಲ ಸಲಕ್ಕೆ ಲಗೇಜ್ ಎಳ್ಕೊಂಡು ಇದೆಲ್ಲ ಬೇಡ ಅಂತ ನನ್ ಅನಿಸಿಕೆ, ನೇರ ಬೈಯುನ್ ಏರ್‌ಪೋರ್ಟಿಗೇ ಇಳೀರಿ, ಅಲ್ಲಿಂದ ಮೆಟ್ರೋ 3ನೇ ಲೈನ್ ಸಿಟಿ ಒಳಗೇ ಹೋಗುತ್ತೆ. ಆಚೆ ಟ್ಯಾಕ್ಸಿ ಟ್ಯಾಕ್ಸಿ ಅಂತ ಕೈ ಹಿಡಿಯೋರ ಜೊತೆ ಹೋಗಬೇಡಿ, ಕ್ಯೂನಲ್ಲಿ ನಿಂತು ಮೀಟರ್ ಟ್ಯಾಕ್ಸಿ ಹತ್ತಿ.

ಫೇರ್ ಮುಗ್ಸಿ ಫ್ಯಾಕ್ಟರಿ ನೋಡೋಕೆ ಚೀನಾ ಒಳಗೇ ಫ್ಲೈಟ್ ಹತ್ತೋದಾದ್ರೆ ಪವರ್‌ಬ್ಯಾಂಕ್ ಮೇಲೆ ಚೀನಾದ ಸೇಫ್ಟಿ ಮಾರ್ಕಾದ 3ಸಿ ಗುರುತು ಇರ್ಲೇಬೇಕು, 2025ರ ಜೂನ್ 28ರಿಂದ ಬಂದ ರೂಲು, ಇಲ್ದಿದ್ರೆ ಸೆಕ್ಯುರಿಟೀಲೇ ಬಿಟ್ಟು ಹೋಗಬೇಕು. ಉಳ್ಕೊಳ್ಳೋದು ಹೋಟೆಲಲ್ಲಾದ್ರೆ ಪೊಲೀಸ್ ರಿಜಿಸ್ಟ್ರೇಷನ್ ಅವ್ರೇ ಮಾಡ್ತಾರೆ, ಯಾರ್ದಾದ್ರೂ ಮನೇಲಿ ಆದ್ರೆ 24 ಗಂಟೆ ಒಳಗೆ ನೀವೇ ಹೋಗಿ ಮಾಡಿಸ್ಬೇಕು.

ಸಪ್ಲೈಯರ್ ಜೊತೆ ಟೀ ಕುಡಿಯೋಕೆ ಕೂತಾಗ ಅವ್ರು ನಿಮ್ಮ ಪುಟ್ಟ ಲೋಟಕ್ಕೆ ಸುರೀತಾನೇ ಇರ್ತಾರೆ, ಖಾಲಿ ಆಗೋಕೇ ಬಿಡಲ್ಲ. ಪ್ರತಿ ಸಲ ಥ್ಯಾಂಕ್ಯೂ ಅನ್ನೋ ಬದ್ಲು ಎರಡು ಬೆರಳು ಮಡಚಿ ಟೇಬಲ್ ಮೇಲೆ ಟಕ್ ಟಕ್ ಅಂತ ತಟ್ಟಿ, ಆ ಊರಿನ ಪದ್ಧತಿ ಅದು. ಮಾತು ನಿಲ್ಲಿಸ್ಬೇಕಾಗಿಲ್ಲ. ನಾನು ಮೊದಲ ಸಲ ತಟ್ಟಿದಾಗ ಎದುರಿಗಿದ್ದ ವಯಸ್ಸಾದ ಓನರ್ ಮುಖ ಅರಳಿ ಮಗನ್ನ ಕರ್ದು ನೋಡು ನೋಡು ಅಂತ ತೋರ್ಸಿದ್ರು. ರೇಟ್ ಮಾತ್ರ ಒಂದು ಪೈಸೆ ಇಳಿಸ್ಲಿಲ್ಲ.

ದಾವಣಗೆರೆ_ಪಾತ್ರೆಅಂಗಡಿ

ಅಕ್ಕಾರೇ ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ನಿನ್ನೆ ಒಬ್ರು ಸಿಎಚ್‌ಎ ಹತ್ರ ಫೋನಲ್ಲೇ ಮುಕ್ಕಾಲು ಗಂಟೆ ಮಾತಾಡ್ದೆ. ಬಾಟ್ಲು, ಸ್ಟೀಲ್ ಟಿಫನ್ ಬಾಕ್ಸು ಎರಡೂ ಲಿಸ್ಟಿಂದ ಹೊಡೆದಾಕಿದೀನಿ. ಪಿಂಗಾಣಿ, ಕಟರು ಗಿಟರಿಗೆ ಎಚ್‌ಎಸ್ ಕೋಡ್ ಹಾಕಿ ಹಾಳೆ ಕಳಿಸ್ತೀನಿ ಅಂದಿದಾರೆ, ಅದು ಬಂದ್ಮೇಲೇ ಟಿಕೆಟ್ಟು. ಬಂದ್ರೆ 22ಕ್ಕೆ ಅಲ್ಲಿರ್ತೀನಿ, 28ಕ್ಕೆ ವಾಪಸ್. ಚಿಕ್ಕಪೇಟೆ ಗುರುಗಳೇ, ನಿಮ್ ಹತ್ರಾನೂ ಬರ್ತೀನಿ, ಸ್ಕೂಲ್ ಸೀಸನ್ನಿಗೆ ಬಾಟ್ಲು ನೀವೇ ಕೊಡ್ಬೇಕಲ್ಲ ಈಗ.

ಶಿಯಾವೊಬೈ ಕಡೆ ರೂಮು ನೋಡ್ತಿದೀನಿ, ಎರಡನೇ ಕಂತಿಗೆ ಯಾರಾದ್ರೂ ಬರೋರಿದ್ರೆ ಶೇರ್ ಮಾಡ್ಕೋಬಹುದು.

ಹುಬ್ಬಳ್ಳಿ_ಮಂದಿ

ನಾ ಈ ಸಲ ಮೊದಲ್ನೇ ಕಂತಿಗೇ ರೀ, 20ಕ್ಕ ಹೊಂಟು ಬರ್ತೀನಿ. ರೊಟ್ಟಿ ಉಳದಿದ್ರ ಹೋಟೆಲ್ ರಿಸೆಪ್ಷನ್‌ನ್ಯಾಗ ನಿಮ್ಮ ಹೆಸರಿಗೆ ಇಟ್ಟು ಬರ್ಲಿ?

ದಾವಣಗೆರೆ_ಪಾತ್ರೆಅಂಗಡಿ

ಇಡ್ರಿ ಅಣ್ಣ, ಚಟ್ನೀನೂ 😀 ಹೋಟೆಲ್ ಹೆಸ್ರು ಚೈನೀಸಲ್ಲೇ ಕಳ್ಸಿ.